5 ಕಿಲೋವ್ಯಾಟ್ ಇನ್ವರ್ಟರ್‌ಗೆ 11 ಪ್ಯಾನೆಲ್ ಒಂದೇ ಸ್ಟ್ರಿಂಗ್‌ನಲ್ಲಿ ಹಾಕಬಹುದಾ?

ತೆಂಗಿನತೋಟ, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ತಾರಸಿ ಮೇಲೆ ಸೋಲಾರ್ ಹಾಕಿಸಬೇಕು ಅಂತ ಎರಡು ಕಡೆ ಕೊಟೇಶನ್ ತೆಗೆದುಕೊಂಡಿದ್ದೇನೆ. ಎರಡರಲ್ಲೂ ಸಾಮಾನು ಒಂದೇ: 540 ವ್ಯಾಟ್‌ನ 11 ಪ್ಯಾನೆಲ್, 5 ಕಿಲೋವ್ಯಾಟ್ ಸಿಂಗಲ್ ಫೇಸ್ ಆನ್‌ಗ್ರಿಡ್ (ಕರೆಂಟ್ ಲೈನ್‌ಗೆ ಸೇರಿಸುವ) ಇನ್ವರ್ಟರ್. ವ್ಯತ್ಯಾಸ ಇರುವುದು ವೈರಿಂಗ್‌ನಲ್ಲಿ. ಒಬ್ಬರು ಹನ್ನೊಂದನ್ನೂ ಒಂದೇ ಸ್ಟ್ರಿಂಗ್ (ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ ಜೋಡಿಸಿದ ಸಾಲು) ಮಾಡ್ತೀವಿ, ಕೇಬಲ್ ಉಳಿಯುತ್ತೆ ಅಂತಾರೆ. ಇನ್ನೊಬ್ಬರು 6 ಮತ್ತು 5 ಅಂತ ಎರಡು ಸ್ಟ್ರಿಂಗ್ ಮಾಡಲೇಬೇಕು ಅಂತಾರೆ. ಯಾಕೆ ಅಂತ ಕೇಳಿದರೆ ಸರಿಯಾಗಿ ಬಿಡಿಸಿ ಹೇಳಲಿಲ್ಲ.

ಡೇಟಾಶೀಟ್ ನೋಡಿ ಬರೆದುಕೊಂಡಿದ್ದು ಹೀಗಿದೆ. ಪ್ಯಾನೆಲ್: ವಿಓಸಿ (ಕರೆಂಟ್ ಎಳೆಯದೆ ಇರುವಾಗಿನ ವೋಲ್ಟೇಜ್) 49.5 ವೋಲ್ಟ್, ವಿಎಂಪಿ (ಗರಿಷ್ಠ ಪವರ್ ಕೊಡುವಾಗಿನ ವೋಲ್ಟೇಜ್) 41.6 ವೋಲ್ಟ್, ಐಎಸ್‌ಸಿ (ಶಾರ್ಟ್ ಸರ್ಕಿಟ್ ಕರೆಂಟ್) 13.85 ಆಂಪ್. ಟೆಂಪರೇಚರ್ ಲೆಕ್ಕ ಡಿಗ್ರಿಗೆ ವಿಓಸಿಯಲ್ಲಿ ಮೈನಸ್ ಶೇ 0.27, ಪವರ್‌ನಲ್ಲಿ ಮೈನಸ್ ಶೇ 0.35. ಇನ್ವರ್ಟರ್: ಗರಿಷ್ಠ ಡಿಸಿ 550 ವೋಲ್ಟ್, ಎಂಪಿಪಿಟಿ (ಪ್ಯಾನೆಲ್‌ನಿಂದ ಅತಿ ಹೆಚ್ಚು ಪವರ್ ಸಿಗುವ ವೋಲ್ಟೇಜ್ ಹುಡುಕುವ ಭಾಗ) ರೇಂಜ್ 80ರಿಂದ 500 ವೋಲ್ಟ್. ಎರಡು ಎಂಪಿಪಿಟಿ ಇವೆ, ಒಂದೊಂದಕ್ಕೆ 15 ಆಂಪ್, ಶಾರ್ಟ್ ಸರ್ಕಿಟ್ ಕರೆಂಟ್ ಮಿತಿ 20 ಆಂಪ್.

49.5 ಅನ್ನು 11ರಿಂದ ಗುಣಿಸಿದರೆ 544.5. ಅಂದರೆ 550 ಒಳಗೇ ಇದೆ ಅಲ್ವಾ? ಮತ್ತೆ ಎರಡು ಸ್ಟ್ರಿಂಗ್‌ಗೆ ಯಾಕೆ ಜಾಸ್ತಿ ದುಡ್ಡು ಕೊಡಬೇಕು?

ಹುಬ್ಬಳ್ಳಿ ವೈರ್‌ಮನ್

ಎರಡನೆಯವರು ಹೇಳಿದ್ದೇ ಸರಿ. ಮೊದಲನೆಯವರಿಗೆ ಒಪ್ಪಬೇಡಿ.

49.5 ಅನ್ನೋದು ಲ್ಯಾಬ್‌ನಲ್ಲಿ ಅಳೆದ ಸಂಖ್ಯೆ. ಪ್ಯಾನೆಲ್ ಒಳಗಿನ ಸೆಲ್ ಸರಿಯಾಗಿ 25 ಡಿಗ್ರಿ ಇದ್ದಾಗ, ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು ಬಿದ್ದಾಗ ಬರುವ ವೋಲ್ಟೇಜ್ ಅದು. ಸೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತೆ. ಬಿಸಿಯಾದಷ್ಟೂ ಇಳಿಯುತ್ತೆ. ನಿಮ್ಮ ಡೇಟಾಶೀಟಿನ ಮೈನಸ್ ಶೇ 0.27ರ ಅರ್ಥ ಇದೇ.

ನಾನು ನಮ್ಮ ರಾಜ್ಯದ ಬಯಲು ಸೀಮೆಗೆ 5 ಡಿಗ್ರಿ ಹಿಡಿದು ಲೆಕ್ಕ ಹಾಕುತ್ತೇನೆ. 25ರಿಂದ 5ಕ್ಕೆ 20 ಡಿಗ್ರಿ ಇಳಿತ. 20 ಗುಣಿಸು 0.27, ಶೇ 5.4. ಆಗ ಒಂದು ಪ್ಯಾನೆಲ್ 52.2 ವೋಲ್ಟ್ ಆಗುತ್ತೆ. ಹನ್ನೊಂದಕ್ಕೆ ಸುಮಾರು 574. ನಿಮ್ಮ ಇನ್ವರ್ಟರ್ ಮಿತಿ 550. ಹತ್ತು ಪ್ಯಾನೆಲ್ ಆದರೆ 522, ಒಳಗೆ ಬರುತ್ತೆ. ಹನ್ನೊಂದು ಬರಲ್ಲ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ವ್ಯಾಟ್ ಜಾಸ್ತಿ ಆದರೆ ಇನ್ವರ್ಟರ್ ತನಗೆ ಬೇಕಾದಷ್ಟು ತಗೊಂಡು ಉಳಿದದ್ದನ್ನು ಬಿಡುತ್ತೆ. 5 ಕಿಲೋವ್ಯಾಟ್‌ಗೆ 5.94 ಕಿಲೋವ್ಯಾಟ್ ಪ್ಯಾನೆಲ್ ಹಾಕೋದು ತಪ್ಪೇನಲ್ಲ, ತುಂಬಾ ಕಡೆ ಹಾಗೇ ಮಾಡುತ್ತಾರೆ. ವೋಲ್ಟ್ ಮಾತ್ರ ಹಾಗಲ್ಲ. ಮಿತಿ ದಾಟಿದ ವೋಲ್ಟೇಜನ್ನು "ನನಗೆ ಬೇಡ" ಅನ್ನೋಕೆ ಇನ್ವರ್ಟರ್‌ಗೆ ಆಗಲ್ಲ. ಅದು ನೇರವಾಗಿ ಒಳಗಿನ ಕೆಪಾಸಿಟರ್ ಮೇಲೆ, ಸ್ವಿಚಿಂಗ್ ಭಾಗದ ಮೇಲೆ ಬೀಳುತ್ತೆ.

ಮಂಡ್ಯ ತಾರಸಿ

ಸ್ವಲ್ಪ ತಡೀರಿ. ಅರಸೀಕೆರೆಯಲ್ಲಿ 5 ಡಿಗ್ರಿ ಯಾವಾಗ ಆಗುತ್ತೆ? ನಾವು ಅತಿ ಎಚ್ಚರಿಕೆಯಲ್ಲಿ ಸುಮ್ನೆ ಜನರ ಖರ್ಚು ಏರಿಸ್ತಿದ್ದೇವೆ ಅನ್ಸುತ್ತೆ. ನಮ್ಮ ಸಂಬಂಧಿಕರ ಮನೆಯಲ್ಲಿ ಇದೇ ಥರ 11 ಪ್ಯಾನೆಲ್ ಇವೆ. ಹಾಕಿದ ದಿನ ಮಧ್ಯಾಹ್ನ ನನ್ನ ಎದುರಿಗೇ ಮೀಟರ್ ಹಿಡಿದು ಅಳೆದರು. 493 ವೋಲ್ಟ್ ಬಂತು. ಇನ್ನೂ 57 ವೋಲ್ಟ್ ಜಾಗ ಇದೆ.

ಹುಬ್ಬಳ್ಳಿ ವೈರ್‌ಮನ್

ಒಳ್ಳೆಯ ಪ್ರಶ್ನೆ. ಆ 493 ಅನ್ನೇ ತಗೊಳ್ಳೋಣ. ಬಿಸಿಲಿನ ಮಧ್ಯಾಹ್ನ ಸೆಲ್ ಸುಲಭವಾಗಿ 60 ಡಿಗ್ರಿ ಇರುತ್ತೆ. 25ಕ್ಕಿಂತ 35 ಮೇಲೆ. 35 ಗುಣಿಸು 0.27, ಸುಮಾರು ಶೇ 9.5 ಇಳಿತ. 544.5ರಲ್ಲಿ ಅಷ್ಟು ಕಳೆದರೆ ಬರೋದು 493. ಮೀಟರ್ ಸರಿಯಾಗೇ ತೋರಿಸಿದೆ. ಅದು ತೋರಿಸಿದ್ದು ಆ ಸ್ಟ್ರಿಂಗ್‌ನ ಅತಿ ಕಡಿಮೆ ವೋಲ್ಟೇಜಿನ ಹತ್ತಿರದ ಸಂಖ್ಯೆ. ನಮಗೆ ಬೇಕಾಗಿರೋದು ಅತಿ ಹೆಚ್ಚಿನದು.

ಈಗ 5 ಡಿಗ್ರಿಯನ್ನು ಬಿಟ್ಟೇ ಬಿಡಿ. ಈ ಸ್ಟ್ರಿಂಗ್ 550 ಮುಟ್ಟೋಕೆ ಎಷ್ಟು ತಂಪು ಬೇಕು? 544.5ಕ್ಕೂ 550ಕ್ಕೂ ನಡುವೆ ಇರುವುದು ಶೇ 1 ಮಾತ್ರ. ಅಂದರೆ ನಾಲ್ಕು ಡಿಗ್ರಿಯೂ ಅಲ್ಲ. ಸೆಲ್ 21 ಡಿಗ್ರಿಗೆ ಇಳಿದು ಪೂರ್ತಿ ಬಿಸಿಲು ಬಿದ್ದರೆ ಸಾಕು. ಜೊತೆಗೆ ಡೇಟಾಶೀಟಿನ ವಿಓಸಿಗೂ ಕೆಳಗೆ ಸಣ್ಣ ಅಕ್ಷರದಲ್ಲಿ ಟಾಲರೆನ್ಸ್ (ಎಷ್ಟು ಹೆಚ್ಚು ಕಡಿಮೆ ಆಗಬಹುದು ಅನ್ನೋದು) ಬರೆದಿರುತ್ತಾರೆ, ಅದನ್ನೂ ಓದಿ.

ಬೆಂಗಳೂರಿನಲ್ಲೇ 1884ರ ಜನವರಿಯಲ್ಲಿ 7.8 ಡಿಗ್ರಿ ದಾಖಲಾಗಿದೆ. ಪ್ಯಾನೆಲ್ ಸಿಸ್ಟಮ್ ಇಪ್ಪತ್ತೈದು ವರ್ಷಕ್ಕೆ ಹಾಕೋದು. ಅಷ್ಟು ವರ್ಷದಲ್ಲಿ ಬರುವ ಅತಿ ಚಳಿಯ ಬೆಳಿಗ್ಗೆಯನ್ನೂ ಅದು ತಡೆದುಕೊಳ್ಳಬೇಕು. ಮೋಡ ಇಲ್ಲದ ರಾತ್ರಿ ಪ್ಯಾನೆಲ್ ಗಾಜು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತೆ. ಬೆಳಿಗ್ಗೆ ಅದರ ಮೇಲೆ ಇಬ್ಬನಿ ಕಟ್ಟೋದು ಅದಕ್ಕೇ.

ಕಾಫಿಕಣ, ಮೂಡಿಗೆರೆ

ಚಳಿಗಾಲದ ಬೆಳಿಗ್ಗೆ ಒಂದೇ ಅಲ್ಲ, ನಮ್ಮ ಕಡೆ ಮಳೆಗಾಲವೇ ಜಾಸ್ತಿ ಅಪಾಯ. ಜುಲೈನಲ್ಲಿ ಪ್ಯಾನೆಲ್ ಮೇಲೆ ನೀರು ಹರಿಯುತ್ತಲೇ ಇರುತ್ತೆ. ಗಾಜು ಮುಟ್ಟಿದರೆ ತಣ್ಣಗೆ ಕೊರೆಯುತ್ತೆ. ಇದ್ದಕ್ಕಿದ್ದಂತೆ ಮೋಡ ಸೀಳಿ ಬಿಸಿಲು ಬೀಳುತ್ತೆ. ಮೋಡದ ಅಂಚಿನಿಂದ ಬೆಳಕು ಚದುರಿ ಬರುವಾಗ ಕೆಲವು ಕ್ಷಣ ಲ್ಯಾಬ್‌ನ 1000 ವ್ಯಾಟ್‌ಗಿಂತಲೂ ಜಾಸ್ತಿ ಇರುತ್ತೆ. ಸೆಲ್ ಬಿಸಿಯಾಗೋಕೆ ಕೆಲವು ನಿಮಿಷ ಬೇಕು. ಅದೇ ಹೊತ್ತಿಗೆ ಕರೆಂಟ್ ಹೋಯ್ತು ಅಂದ್ಕೊಳ್ಳಿ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗೋದು ಹೊಸ ಮಾತಲ್ಲವಲ್ಲ.

ನಮ್ಮ ತಂಗಿ ಮನೆಯಲ್ಲಿ ಇದೇ ಆಯಿತು. 550 ವೋಲ್ಟ್ ಇನ್ವರ್ಟರ್, ಒಂದೇ ಸ್ಟ್ರಿಂಗ್‌ನಲ್ಲಿ 11 ಪ್ಯಾನೆಲ್. ಎರಡನೇ ಮಳೆಗಾಲಕ್ಕೆ ಇನ್ವರ್ಟರ್ ಸತ್ತಿತು. ಸರ್ವಿಸ್‌ನವರು ಲಾಗ್ ತೆಗೆದು ನೋಡಿದರು. ಅದರಲ್ಲಿ ಡಿಸಿ 553 ವೋಲ್ಟ್ ಅಂತ ದಾಖಲಾಗಿತ್ತು. ವಾರಂಟಿ ಕೊಡಲ್ಲ ಅಂದರು. ಹಾಕಿಸಿದವರು ಫೋನ್ ಎತ್ತುವುದನ್ನೇ ಬಿಟ್ಟರು.

ಹುಬ್ಬಳ್ಳಿ ವೈರ್‌ಮನ್

ಕಾಫಿಕಣ ಅವರು ಕರೆಂಟ್ ಹೋಗೋ ವಿಷಯ ಎತ್ತಿದ್ದು ತುಂಬಾ ಮುಖ್ಯ. ಅದನ್ನು ಬಿಡಿಸಿ ಹೇಳುತ್ತೇನೆ.

ಇನ್ವರ್ಟರ್ ಓಡುತ್ತಿರುವಾಗ ಸ್ಟ್ರಿಂಗ್ ವಿಎಂಪಿ ಹತ್ತಿರ ಇರುತ್ತೆ. 11 ಪ್ಯಾನೆಲ್‌ಗೆ 457 ವೋಲ್ಟ್ ಆಸುಪಾಸು. ಆನ್‌ಗ್ರಿಡ್ ಇನ್ವರ್ಟರ್ ಲೈನ್ ಹೋದ ತಕ್ಷಣ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಅಪಾಯ. ನಿಂತ ಕ್ಷಣ ಪ್ಯಾನೆಲ್‌ನಿಂದ ಕರೆಂಟ್ ಎಳೆಯುವವರು ಯಾರೂ ಇಲ್ಲ. ವೋಲ್ಟೇಜ್ ಪೂರ್ತಿ ವಿಓಸಿಗೆ ಹಾರುತ್ತೆ. ಹೀಗಾಗಿ "ಓವರ್ ವೋಲ್ಟೇಜ್ ಬಂದರೆ ಇನ್ವರ್ಟರ್ ತಾನೇ ಟ್ರಿಪ್ ಆಗುತ್ತಲ್ಲ" ಅನ್ನೋ ಮಾತು ನಮ್ಮನ್ನು ಕಾಪಾಡಲ್ಲ. ಟ್ರಿಪ್ ಆದರೆ ವೋಲ್ಟೇಜ್ ಇಳಿಯಲ್ಲ, ಏರುತ್ತೆ. ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಸ್ವಿಚ್) ಆಫ್ ಆಗುವವರೆಗೂ ಅದು ಇನ್ವರ್ಟರ್ ಬಾಗಿಲಲ್ಲೇ ನಿಂತಿರುತ್ತೆ.

ಮಂಡ್ಯ ತಾರಸಿ

ಈಗ ಅರ್ಥ ಆಯ್ತು. ಸಂಬಂಧಿಕರಿಗೆ ಹೇಳುತ್ತೇನೆ. ಅವರ ಇನ್ವರ್ಟರ್‌ನಲ್ಲೂ ಎರಡು ಎಂಪಿಪಿಟಿ ಇವೆ. ಒಂದು ಖಾಲಿ ಬಿದ್ದಿದೆ. ಈಗ ಬದಲಾಯಿಸೋದು ಕಷ್ಟವಾ?

ಹುಬ್ಬಳ್ಳಿ ವೈರ್‌ಮನ್

ಕಷ್ಟ ಏನಿಲ್ಲ. ಮಧ್ಯದಲ್ಲಿ ಒಂದು ಕಡೆ ಸ್ಟ್ರಿಂಗ್ ಬಿಡಿಸಿ ಇನ್ನೊಂದು ಜೊತೆ ಸೋಲಾರ್ ಕೇಬಲ್ ಎಳೆಯಬೇಕು. ಆದರೆ ಮನೆಯವರೇ ಮಾಡೋ ಕೆಲಸ ಅಲ್ಲ. ಮೊದಲು ಎಸಿ ಆಫ್, ಆಮೇಲೆ ಡಿಸಿ ಐಸೊಲೇಟರ್ ಆಫ್, ಕ್ಲಾಂಪ್ ಮೀಟರ್‌ನಲ್ಲಿ ಕರೆಂಟ್ ಸೊನ್ನೆ ಅಂತ ನೋಡಿದ ಮೇಲೆಯೇ ಎಂಸಿ4 ಕನೆಕ್ಟರ್ (ಪ್ಯಾನೆಲ್ ತಂತಿ ಜೋಡಿಸುವ ಪ್ಲಗ್) ಬಿಚ್ಚಬೇಕು. ಲೋಡ್ ಇರುವಾಗ ಬಿಚ್ಚಿದರೆ ಎದುರಿಗೇ ಆರ್ಕ್ (ಉರಿಯುವ ಕಿಡಿ) ಹೊತ್ತುತ್ತೆ. ಐಸೊಲೇಟರ್ ಆಫ್ ಮಾಡಿದರೂ ಬೆಳಕು ಇರುವವರೆಗೆ ಪ್ಯಾನೆಲ್‌ನಿಂದ ಐಸೊಲೇಟರ್‌ವರೆಗಿನ ತಂತಿ ಜೀವಂತ. 500 ವೋಲ್ಟ್ ಡಿಸಿ ಜೀವ ತೆಗೆಯುತ್ತೆ.

ತೆಂಗಿನತೋಟ, ಅರಸೀಕೆರೆ

ತುಂಬಾ ಧನ್ಯವಾದ. ಹಾಗಾದರೆ 10 ಪ್ಯಾನೆಲ್ ಒಂದೇ ಸ್ಟ್ರಿಂಗ್, ಇಲ್ಲಾ 6 ಮತ್ತು 5. ಎರಡರಲ್ಲಿ ಯಾವುದು? ಇನ್ನೊಂದು ವಿಷಯ, ಮನೆಯ ಪೂರ್ವಕ್ಕೆ ತೆಂಗಿನ ಮರಗಳಿವೆ. ಬೆಳಿಗ್ಗೆ ಒಂಬತ್ತರವರೆಗೆ ನಾಲ್ಕೈದು ಪ್ಯಾನೆಲ್ ಮೇಲೆ ನೆರಳು ಬರಬಹುದು.

ತುಮಕೂರು ಕಿರಣ

ತೆಂಗಿನ ಮರ ಇದ್ದರೆ 6 ಮತ್ತು 5ನೇ ಸರಿ, ಯೋಚನೆಯೇ ಬೇಡ. ನೆರಳು ಬೀಳುವ ಐದನ್ನು ಒಂದು ಎಂಪಿಪಿಟಿಗೆ ಕೊಡಿ, ಬಿಸಿಲಿನ ಆರನ್ನು ಇನ್ನೊಂದಕ್ಕೆ. ಒಂದೇ ಸ್ಟ್ರಿಂಗ್ ಆದರೆ ಗರಿಯ ನೆರಳು ಆಡಿದಂತೆಲ್ಲ ಎಂಪಿಪಿಟಿ ಇಡೀ ಸ್ಟ್ರಿಂಗ್‌ಗೆ ಸೇರಿ ಹೊಸ ಪಾಯಿಂಟ್ ಹುಡುಕುತ್ತಾ ಇರುತ್ತೆ. ಬೇರೆ ಮಾಡಿದರೆ ಬಿಸಿಲಿನ ಆರು ತಮ್ಮ ಪಾಡಿಗೆ ಓಡುತ್ತವೆ.

ಪ್ಯಾನೆಲ್ ಒಳಗೆ ಮೂರು ಬೈಪಾಸ್ ಡಯೋಡ್ ಇರುತ್ತವೆ. ನೆರಳಾದ ಭಾಗವನ್ನು ಡಯೋಡ್ ಬಳಸಿಕೊಂಡು ಕರೆಂಟ್ ಮುಂದೆ ಹೋಗುತ್ತೆ, ಆ ಭಾಗದ ವೋಲ್ಟೇಜ್ ಮಾತ್ರ ಕಳೆದುಹೋಗುತ್ತೆ. ನಿಮ್ಮ ಐದರ ಸ್ಟ್ರಿಂಗ್ ವಿಎಂಪಿ 208. ಎರಡು ಪ್ಯಾನೆಲ್ ಪೂರ್ತಿ ನೆರಳಾದರೂ 120ರ ಮೇಲೆ ಉಳಿಯುತ್ತೆ. ಎಂಪಿಪಿಟಿ ಕೆಳಮಿತಿ 80. ಆರಾಮ.

ಚಳಿಯಲ್ಲಿ ಆರರ ಸ್ಟ್ರಿಂಗ್ 313, ಐದರದು 261. ಎರಡೂ 550ರಿಂದ ಎಷ್ಟೋ ದೂರ. ಉದ್ದದ ಸ್ಟ್ರಿಂಗ್‌ನಲ್ಲಿ ಎಫಿಶಿಯೆನ್ಸಿ ಸ್ವಲ್ಪ ಜಾಸ್ತಿ ಅನ್ನೋದು ನಿಜ. ಇನ್ವರ್ಟರ್‌ಗಳಿಗೆ ಸಾಮಾನ್ಯವಾಗಿ 360 ವೋಲ್ಟ್ ಆಸುಪಾಸು ಇಷ್ಟ. ಆದರೆ ಆ ವ್ಯತ್ಯಾಸ ಚಿಕ್ಕದು. ನೆರಳಿನಿಂದ ಕಳೆದುಕೊಳ್ಳುವುದರ ಮುಂದೆ ಏನೂ ಅಲ್ಲ.

ಕಲಬುರಗಿ ಬಿಸಿಲು

ನಮ್ಮ ಸಮಸ್ಯೆ ಇದಕ್ಕೆ ಉಲ್ಟಾ. ಇದೇ ಅಳತೆಯ 3 ಪ್ಯಾನೆಲ್ ಸೀರೀಸ್‌ನಲ್ಲಿವೆ, ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್. ಎಂಪಿಪಿಟಿ ರೇಂಜ್ 120ರಿಂದ 450 ವೋಲ್ಟ್. ಡಿಸೆಂಬರ್‌ನಲ್ಲಿ ಚೆನ್ನಾಗಿ ಓಡುತ್ತೆ. ಏಪ್ರಿಲ್ ಬಂತು ಅಂದರೆ ಮಧ್ಯಾಹ್ನ ಪವರ್ ಬಿದ್ದುಹೋಗುತ್ತೆ, ಸಂಜೆ ಮತ್ತೆ ಸರಿ. ಪ್ಯಾನೆಲ್ ಕೆಟ್ಟಿದೆ ಅಂತ ಹೇಳಿ ಬದಲಾಯಿಸೋಕೆ ಕೇಳ್ತಿದ್ದಾರೆ.

ಹುಬ್ಬಳ್ಳಿ ವೈರ್‌ಮನ್

ಬದಲಾಯಿಸಬೇಡಿ. ಪ್ಯಾನೆಲ್ ಚೆನ್ನಾಗೇ ಇರಬಹುದು, ಸ್ಟ್ರಿಂಗ್ ಗಿಡ್ಡ ಆಗಿದೆ.

ನಿಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಗಾಳಿಯೇ 42 ಡಿಗ್ರಿ. ಪೂರ್ತಿ ಬಿಸಿಲಿನಲ್ಲಿ ಸೆಲ್ ಅದಕ್ಕಿಂತ 31 ಡಿಗ್ರಿಯಷ್ಟು ಮೇಲಿರುತ್ತೆ. ಅಂದರೆ 73 ಅನ್ನಿ. 25ರಿಂದ 48 ಡಿಗ್ರಿ ಮೇಲೆ. ವಿಎಂಪಿ ಇಳಿತಕ್ಕೆ ಬೇರೆ ಸಂಖ್ಯೆ ಕೊಟ್ಟಿಲ್ಲದಿದ್ದರೆ ಪವರ್‌ನ ಶೇ 0.35ನ್ನೇ ಹಿಡಿಯಿರಿ. ಸುಮಾರು ಶೇ 17 ಇಳಿತ. 41.6 ಇದ್ದದ್ದು 34.6 ಆಗುತ್ತೆ. ಮೂರಕ್ಕೆ 104 ವೋಲ್ಟ್. ಇನ್ವರ್ಟರ್‌ಗೆ ಬೇಕಾದದ್ದು 120. ಪ್ಯಾನೆಲ್ ತನ್ನ ಒಳ್ಳೆಯ ಪಾಯಿಂಟ್‌ನಲ್ಲಿ ಓಡೋಕೆ ಆಗದೆ ಪವರ್ ಬೀಳುತ್ತೆ. ಕೆಲವು ಇನ್ವರ್ಟರ್ ನಿಂತೇ ಬಿಡುತ್ತವೆ.

ಇನ್ನೊಂದು ಪ್ಯಾನೆಲ್ ಸೇರಿಸಿದರೆ 138. ಐದಾದರೆ ಇನ್ನೂ ಒಳ್ಳೆಯದು. ವರ್ಷ ಕಳೆದಂತೆ ಪ್ಯಾನೆಲ್ ಸ್ವಲ್ಪ ಸವೆಯುತ್ತೆ, ಅದಕ್ಕೂ ಜಾಗ ಬೇಕು. ಸೇರಿಸೋ ಪ್ಯಾನೆಲ್‌ನ ಕರೆಂಟ್ ಹಳೆಯದಕ್ಕೆ ಸಮ ಇರಲಿ. ಸೀರೀಸ್‌ನಲ್ಲಿ ಕಡಿಮೆ ಕರೆಂಟಿನ ಪ್ಯಾನೆಲ್ ಉಳಿದವುಗಳನ್ನೂ ಕೆಳಗೆ ಎಳೆಯುತ್ತೆ.

ಮಿನಿಯಾಪೊಲಿಸ್ ಕನ್ನಡಿಗ

ನಾನಿರುವ ಅಮೆರಿಕದ ಈ ಭಾಗದಲ್ಲಿ ಚಳಿಯ ಲೆಕ್ಕ ಇಲ್ಲದೆ ಪ್ಲಾನ್ ಮುಂದೆ ಹೋಗಲ್ಲ. ಮೈನಸ್ 30 ಡಿಗ್ರಿ ಹಿಡಿದರೆ ನಿಮ್ಮದೇ ಪ್ಯಾನೆಲ್ 56.9 ವೋಲ್ಟ್ ಆಗುತ್ತೆ. ಇಲ್ಲಿನ ಎಲೆಕ್ಟ್ರಿಕಲ್ ಕೋಡ್‌ನಲ್ಲಿ ಒಂದೆರಡು ಕುಟುಂಬದ ಮನೆಗಳಿಗೆ ಡಿಸಿ ಮಿತಿ 600 ವೋಲ್ಟ್. ಹತ್ತು ಪ್ಯಾನೆಲ್‌ಗೆ 569, ಹನ್ನೊಂದಕ್ಕೆ 625. ಹನ್ನೊಂದು ಅಂತ ಬರೆದು ಕೊಟ್ಟರೆ ಪರ್ಮಿಟ್ ಸಿಗಲ್ಲ. ಊರಿನಲ್ಲೂ ಕೊಟೇಶನ್ ಜೊತೆ ಈ ಒಂದು ಹಾಳೆ ಲೆಕ್ಕ ಕೊಡಿ ಅಂತ ಜನ ಕೇಳಬೇಕು. ಗ್ರಾಹಕರು ಕೇಳಿದರೆ ಕೊಡುವವರು ಕಲಿಯುತ್ತಾರೆ.

ಶಿರಸಿ ಬ್ಯಾಟರಿ

ಚಿಕ್ಕ ಸಿಸ್ಟಮ್‌ನವರೂ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. 48 ವೋಲ್ಟ್ ಬ್ಯಾಟರಿಗೆ 150 ವೋಲ್ಟ್ ಮಿತಿಯ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ ಹಾಕುವವರು ತುಂಬಾ ಜನ. ಮೂರು ಪ್ಯಾನೆಲ್ ಸೀರೀಸ್, 148.5 ವೋಲ್ಟ್, ಸರಿಯಾಗಿ ಕೂತಿತು ಅಂದುಕೊಳ್ಳುತ್ತಾರೆ. 5 ಡಿಗ್ರಿಗೆ ಅದು 156 ದಾಟುತ್ತೆ. ಎರಡೆರಡು ಸೀರೀಸ್ ಮಾಡಿ ಪ್ಯಾರಲಲ್ ಕೊಡಿ.

ಹಳೆಯ 24 ವೋಲ್ಟ್ ಪಿಡಬ್ಲ್ಯೂಎಂ (ಎಂಪಿಪಿಟಿ ಇಲ್ಲದ ಸರಳ ಚಾರ್ಜಿಂಗ್) ಸೋಲಾರ್ ಯುಪಿಎಸ್‌ಗೆ 540 ವ್ಯಾಟ್ ಪ್ಯಾನೆಲ್ ಸಿಕ್ಕಿಸೋದು ಇನ್ನೊಂದು ತಪ್ಪು. ಕೆಲವು ಕಂಟ್ರೋಲರ್‌ಗಳ ಮಿತಿಯೇ 50 ವೋಲ್ಟ್. ಸುಡದೆ ಉಳಿದರೂ ಪಿಡಬ್ಲ್ಯೂಎಂ ಪ್ಯಾನೆಲ್ಲನ್ನು ಬ್ಯಾಟರಿ ವೋಲ್ಟೇಜ್‌ಗೆ ಎಳೆದುಬಿಡುತ್ತೆ. 27 ವೋಲ್ಟ್, 13 ಆಂಪ್, ಅಂದರೆ 350 ವ್ಯಾಟ್. ಉಳಿದದ್ದಕ್ಕೆ ಕೊಟ್ಟ ದುಡ್ಡು ತಾರಸಿ ಮೇಲೆ ಸುಮ್ನೆ ಬಿದ್ದಿರುತ್ತೆ.

ಮಂಡ್ಯ ತಾರಸಿ

ಪ್ಯಾರಲಲ್ ಅಂದಾಗ ಫ್ಯೂಸ್ ಬೇಕಾ? ಒಬ್ಬರು ಬೇಕು ಅಂತಾರೆ, ಒಬ್ಬರು ಬೇಡ ಅಂತಾರೆ.

ಹುಬ್ಬಳ್ಳಿ ವೈರ್‌ಮನ್

ಎಷ್ಟು ಸ್ಟ್ರಿಂಗ್ ಅನ್ನೋದರ ಮೇಲೆ ಇದೆ. ಒಂದು ಸ್ಟ್ರಿಂಗ್‌ನಲ್ಲಿ ಶಾರ್ಟ್ ಆದರೆ ಉಳಿದ ಸ್ಟ್ರಿಂಗ್‌ಗಳ ಕರೆಂಟ್ ಅದರೊಳಗೆ ತಿರುಗಿ ನುಗ್ಗುತ್ತೆ. ಇಂಥ ಪ್ಯಾನೆಲ್‌ಗೆ ಗರಿಷ್ಠ ಸೀರೀಸ್ ಫ್ಯೂಸ್ ಸಾಮಾನ್ಯವಾಗಿ 25 ಆಂಪ್ ಅಂತ ಲೇಬಲ್‌ನಲ್ಲಿ ಇರುತ್ತೆ. ಎರಡೇ ಸ್ಟ್ರಿಂಗ್ ಇದ್ದರೆ ಹಿಂದೆ ಬರೋದು ಒಂದರ 13.85 ಆಂಪ್, ಪ್ಯಾನೆಲ್ ತಡೆಯುತ್ತೆ. ಮೂರು ಇದ್ದರೆ 27.7 ಬರುತ್ತೆ, ತಡೆಯಲ್ಲ. ಹಾಗಾಗಿ ಮೂರು ಅಥವಾ ಹೆಚ್ಚು ಸ್ಟ್ರಿಂಗ್ ಪ್ಯಾರಲಲ್ ಆದರೆ ಪ್ರತಿ ಸ್ಟ್ರಿಂಗ್‌ಗೂ ಸೋಲಾರ್‌ಗೆಂದೇ ಮಾಡಿದ ಡಿಸಿ ಫ್ಯೂಸ್ ಬೇಕು.

ಒಂದೇ ಎಂಪಿಪಿಟಿಗೆ ಎರಡು ಸ್ಟ್ರಿಂಗ್ ಕೊಡುವ ಮುಂಚೆ ಇನ್ವರ್ಟರ್‌ನ ಶಾರ್ಟ್ ಸರ್ಕಿಟ್ ಮಿತಿ ನೋಡಿ. ತೆಂಗಿನತೋಟ ಅವರ ಇನ್ವರ್ಟರ್‌ಗೆ 20 ಆಂಪ್. ಎರಡು ಸೇರಿದರೆ 27.7. ಆಗಲ್ಲ.

ಇನ್ನು ನಾನು ಕಣ್ಣಾರೆ ನೋಡುತ್ತಿರುವ ಇನ್ನೊಂದು ಅಪಾಯ. ಡಿಸಿ ಕಡೆ ಮಾಮೂಲಿ ಎಸಿ ಎಂಸಿಬಿ ಹಾಕುತ್ತಾರೆ, ನೂರಿನ್ನೂರು ರೂಪಾಯಿ ಉಳಿಸೋಕೆ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತೆ, ಆರ್ಕ್ ತಾನೇ ಆರುತ್ತೆ. ಡಿಸಿ ಸೊನ್ನೆ ಮುಟ್ಟುವುದೇ ಇಲ್ಲ. ಒಳಗೆ ಆರ್ಕ್ ಉರಿಯುತ್ತಲೇ ಇರುತ್ತೆ, ಬಾಕ್ಸ್ ಕರಗುತ್ತೆ. ಡಿಸಿ ಎಂಸಿಬಿಯಲ್ಲೂ ಕೆಲವಕ್ಕೆ ಪ್ಲಸ್ ಮೈನಸ್ ಗುರುತು ಇರುತ್ತೆ, ಉಲ್ಟಾ ಹಾಕಿದರೆ ಅದೂ ಆರಿಸಲ್ಲ. ಎಂಸಿ4 ಗಂಡು ಹೆಣ್ಣು ಎರಡೂ ಒಂದೇ ಕಂಪನಿಯದಾಗಿರಲಿ. ಬೇರೆ ಬೇರೆ ಕಂಪನಿಯವು ಕೂತ ಹಾಗೆ ಕಾಣುತ್ತವೆ, ಒಳಗೆ ಸಡಿಲ ಇದ್ದು ವರ್ಷದಲ್ಲಿ ಸುಟ್ಟು ಕಪ್ಪಾಗುತ್ತವೆ.

ತೆಂಗಿನತೋಟ, ಅರಸೀಕೆರೆ

ಎರಡನೆಯವರಿಗೇ ಕೆಲಸ ಕೊಟ್ಟೆ. 6 ಮತ್ತು 5, ಎರಡು ಬೇರೆ ಎಂಪಿಪಿಟಿ. ಪಿಎಂ ಸೂರ್ಯ ಘರ್ ಸಬ್ಸಿಡಿ 78,000 ರೂಪಾಯಿಗೂ ಅರ್ಜಿ ಹಾಕಿದೆ. ಅದಕ್ಕೆ ದೇಶದಲ್ಲೇ ಮಾಡಿದ ಸೆಲ್ ಇರುವ ಪ್ಯಾನೆಲ್ ಆಗಬೇಕಂತೆ. ಹಾಗಾಗಿ 540 ಸಿಗದಿದ್ದರೆ ಬೇರೆ ವ್ಯಾಟ್‌ನದು ಬರಬಹುದು ಅಂದಿದ್ದಾರೆ. ಪರವಾಗಿಲ್ಲವಾ? ಹಾಕುವ ದಿನ ನಾನು ಏನು ನೋಡಬೇಕು?

ತುಮಕೂರು ಕಿರಣ

ಬರಬಹುದು, ಆದರೆ ಹೊಸ ಪ್ಯಾನೆಲ್ ಲೇಬಲ್ ನೋಡಿ ಲೆಕ್ಕ ಮತ್ತೆ ಹಾಕಿ. 570 ಆಸುಪಾಸಿನ ಟಾಪ್‌ಕಾನ್ (ಹೊಸ ಬಗೆಯ ಸೆಲ್ ಇರುವ) ಪ್ಯಾನೆಲ್‌ಗಳ ವಿಓಸಿ 51 ದಾಟಿರುತ್ತೆ. ಚಳಿಗೆ ಏರುವ ದರ ಸ್ವಲ್ಪ ಕಡಿಮೆ, ಡಿಗ್ರಿಗೆ ಶೇ 0.25 ಹತ್ತಿರ. ನಿಮ್ಮ 6 ಮತ್ತು 5ಕ್ಕೆ ತೊಂದರೆ ಇಲ್ಲ. ಕೆಲವು ದೊಡ್ಡ ಪ್ಯಾನೆಲ್‌ಗಳ ಕರೆಂಟ್ 18 ಆಂಪ್ ಇರುತ್ತೆ, ಅಂಥದ್ದು 15 ಆಂಪ್ ಇನ್ವರ್ಟರ್‌ಗೆ ಬೇಡ. ಎರಡೂ ಬದಿಯಿಂದ ಬೆಳಕು ಹಿಡಿಯುವ ಬೈಫೇಶಿಯಲ್ ಆದರೆ ಹಿಂಬದಿಯ ಕರೆಂಟನ್ನೂ ಸೇರಿಸಿ ನೋಡಿ. ಬಿಳಿ ಬಣ್ಣ ಬಳಿದ ತಾರಸಿಯಲ್ಲಿ ಅದು ಕಡಿಮೆ ಏನಲ್ಲ.

ಹುಬ್ಬಳ್ಳಿ ವೈರ್‌ಮನ್

ಹಾಕುವ ದಿನ ಇನ್ವರ್ಟರ್‌ಗೆ ಸಿಕ್ಕಿಸುವ ಮುಂಚೆ ಎರಡೂ ಸ್ಟ್ರಿಂಗ್ ವೋಲ್ಟೇಜ್ ನಿಮ್ಮ ಎದುರಿಗೆ ಅಳೆಯಲಿ. 1000 ವೋಲ್ಟ್ ಡಿಸಿ ರೇಟಿಂಗ್ ಇರುವ ಮೀಟರ್ ಆಗಿರಬೇಕು. ನೀವು ಮುಟ್ಟಬೇಡಿ, ಪಕ್ಕದಲ್ಲಿ ನಿಂತು ಸಂಖ್ಯೆ ಬರೆದುಕೊಳ್ಳಿ.

540ರ ಪ್ಯಾನೆಲ್ಲೇ ಬಂದು, ಬಿಸಿಲಿನಲ್ಲಿ ಸೆಲ್ 55 ಡಿಗ್ರಿ ಇದ್ದರೆ ಒಂದಕ್ಕೆ 45.5 ಬರಬೇಕು. ಆರಕ್ಕೆ 273, ಐದಕ್ಕೆ 227. ಐದಾರು ವೋಲ್ಟ್ ಹಿಂದೆ ಮುಂದೆ ಆದರೆ ಚಿಂತೆ ಇಲ್ಲ. ಆರರದು 227 ತೋರಿಸಿದರೆ ಒಂದು ಪ್ಯಾನೆಲ್ ಸೇರಿಸುವುದನ್ನೇ ಮರೆತಿದ್ದಾರೆ. 15 ವೋಲ್ಟ್ ಆಸುಪಾಸು ಕಡಿಮೆ ಇದ್ದರೆ ಯಾವುದೋ ಒಂದು ಪ್ಯಾನೆಲ್‌ನ ಬೈಪಾಸ್ ಡಯೋಡ್ ಶಾರ್ಟ್ ಆಗಿದೆ, ಆ ಪ್ಯಾನೆಲ್ಲನ್ನು ಅಲ್ಲೇ ಬದಲಾಯಿಸಿಕೊಳ್ಳಿ. ಸಂಖ್ಯೆಯ ಮುಂದೆ ಮೈನಸ್ ಬಂದರೆ ಪ್ಲಸ್ ಮೈನಸ್ ಅದಲು ಬದಲಾಗಿದೆ, ಸರಿಮಾಡುವವರೆಗೆ ಇನ್ವರ್ಟರ್‌ಗೆ ಸಿಕ್ಕಿಸೋಕೆ ಬಿಡಬೇಡಿ.

ಆಮೇಲೆ ಎರಡೂ ತಂತಿಯಿಂದ ಅರ್ಥ್‌ಗೆ ಅಳೆಯಲಿ. ಸ್ಟ್ರಿಂಗ್ ವೋಲ್ಟೇಜ್ ಪೂರ್ತಿ ಅರ್ಥ್‌ಗೆ ನಿಂತುಬಿಟ್ಟರೆ ಎಲ್ಲೋ ಕೇಬಲ್ ಸಿಪ್ಪೆ ಕಿತ್ತು ಫ್ರೇಮ್‌ಗೆ ತಾಗುತ್ತಿದೆ. ಪ್ಯಾನೆಲ್ ಅಂಚಿನ ಕೆಳಗೆ, ಕ್ಲಾಂಪ್ ಕೂತ ಜಾಗದಲ್ಲಿ ಮೊದಲು ಹುಡುಕಿಸಿ. ತಂತಿ ಸಿಕ್ಕಿಹಾಕಿಕೊಳ್ಳೋದು ಅಲ್ಲೇ ಜಾಸ್ತಿ.